ಲಿವರಿನ ಕೊಬ್ಬು, ಮೈಕ್ರೋಆರ್‌ಎನ್‌ಎ ಮತ್ತು ನಮಗೆ ಬಂದ ಒಂದು ಅರ್ಜಿ



ಕಳೆದ ಮಳೆಗಾಲದಲ್ಲಿ ನಮ್ಮ ವೈದ್ಯಕೀಯ ನೆರವು ಸಮಿತಿಗೆ ಬಂದ ಅರ್ಜಿಗಳಲ್ಲಿ ಒಂದು ನನ್ನನ್ನು ಹಲವು ದಿನ ಕಾಡಿತು. ಮುಂಬಯಿಯ ಉಪನಗರದಲ್ಲಿ ಒಂದು ಕಚೇರಿಯ ಕ್ಯಾಂಟೀನ್ ನಡೆಸುತ್ತಿದ್ದ, ಇನ್ನೂ ಐವತ್ತು ತುಂಬದ ಒಬ್ಬರಿಗೆ ಲಿವರ್ ಸಿರೋಸಿಸ್. ಮದ್ಯ ಮುಟ್ಟಿದವರಲ್ಲ. ಹೆಪಟೈಟಿಸ್ ವೈರಸ್ಸೂ ಇಲ್ಲ. ವರ್ಷಗಟ್ಟಲೆ ಲಿವರಿನಲ್ಲಿ ಕೊಬ್ಬು ಶೇಖರವಾಗಿ, ಲಿವರ್ ನಾರುಗಟ್ಟಿ, ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿದಾಗಲೇ ಮನೆಯವರಿಗೆ ಗೊತ್ತಾದದ್ದು. ಆಸ್ಪತ್ರೆಯ ಅಂದಾಜು ಪಟ್ಟಿಯ ಜೊತೆಗೆ ಅವರ ಮಗ, ಕೊನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿ, ಫೋನಿಗೆ ಬಂದ ಒಂದು ಸುದ್ದಿಯ ಪ್ರಿಂಟನ್ನೂ ಲಗತ್ತಿಸಿದ್ದ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದು ಮೈಕ್ರೋಆರ್‌ಎನ್‌ಎಯನ್ನು ತೆಗೆದುಹಾಕಿದಾಗ ಲಿವರಿನ ಕೊಬ್ಬೂ, ನಾರುಗಟ್ಟುವುದೂ, ಗಡ್ಡೆಗಳೂ ಕಡಿಮೆಯಾದವು ಎಂಬ ಸುದ್ದಿ. ಕೆಳಗೆ ಅವನದೇ ಕೈಬರಹದಲ್ಲಿ, "ಈ ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತದೆ ಸರ್? ಸಂಘದಿಂದ ಎಷ್ಟು ಸಿಗಬಹುದು?"

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದವನು, ಓದಿದ್ದು ವಾಣಿಜ್ಯ. ಜೀವಶಾಸ್ತ್ರಕ್ಕೂ ನನಗೂ ಹೈಸ್ಕೂಲಿನಲ್ಲೇ ಸಂಬಂಧ ಕಡಿದುಹೋಗಿತ್ತು. ಆದರೂ ಸಾಲದ ಅರ್ಜಿ ಬಂದಾಗ ಕಾಗದಪತ್ರ ಪೂರ್ತಿ ಓದದೆ ಇಲ್ಲ ಎನ್ನುವ ಅಭ್ಯಾಸ ನನ್ನದಲ್ಲ. ಓದಿದೆ. ಅರ್ಥವಾಗದ್ದನ್ನು ನಮ್ಮ ಸಮಿತಿಯ ಸಲಹೆಗಾರ ವೈದ್ಯರಲ್ಲಿ ಕೇಳಿಕೊಂಡೆ. ಆ ಹುಡುಗನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಲಿವರಿನ ಅರ್ಜಿಗಳು ಬರುತ್ತಲೇ ಇವೆ, ಹೊಸ ಔಷಧ ಯಾವಾಗ ಎಂದು ದಾನಿಗಳೂ ಕೇಳುತ್ತಿದ್ದಾರೆ.

ಮೊದಲು ಈ ಮೈಕ್ರೋಆರ್‌ಎನ್‌ಎ ಎಂದರೇನು? ನಮ್ಮ ಪ್ರತಿಯೊಂದು ಜೀವಕೋಶದಲ್ಲೂ ವಂಶವಾಹಿಗಳ ಮೂಲ ಲೆಡ್ಜರ್ ಒಂದಿದೆ. ಅದು ಡಿಎನ್‌ಎ. ಸ್ಟ್ರಾಂಗ್ ರೂಮಿನಿಂದ ಹೊರಗೆ ಬರುವುದಿಲ್ಲ. ಕೋಶಕ್ಕೆ ಯಾವುದಾದರೂ ಪ್ರೋಟೀನ್ ಬೇಕಾದಾಗ ಸಂಬಂಧಪಟ್ಟ ಪುಟದ ನಕಲು ಮಾತ್ರ ಹೊರಗೆ ಬರುತ್ತದೆ. ಅದೇ ಮೆಸೆಂಜರ್ ಆರ್‌ಎನ್‌ಎ, ಒಂದು ಚೆಕ್ಕಿನ ಹಾಗೆ. ಕೌಂಟರಿನಲ್ಲಿ ಅದನ್ನು ಓದಿ ಪ್ರೋಟೀನ್ 'ಪಾವತಿ' ಮಾಡುತ್ತಾರೆ. ಮೈಕ್ರೋಆರ್‌ಎನ್‌ಎ ಎಂದರೆ ಆ ಚೆಕ್ಕಿಗೆ ಬರುವ ಸ್ಟಾಪ್ ಪೇಮೆಂಟ್ ಸೂಚನೆ. ಮೆಸೆಂಜರ್ ಆರ್‌ಎನ್‌ಎ ಸಾವಿರಾರು ಅಕ್ಷರ ಉದ್ದವಿದ್ದರೆ ಇದು ಕೇವಲ 22 ಅಕ್ಷರಗಳ ಆಸುಪಾಸು. ತನಗೆ ಹೊಂದುವ ಅಕ್ಷರಗಳಿರುವ ಮೆಸೆಂಜರಿಗೆ ಅಂಟಿಕೊಂಡು ಪ್ರೋಟೀನ್ ತಯಾರಿಯನ್ನು ತಗ್ಗಿಸುತ್ತದೆ. ಬ್ಯಾಂಕಿನ ಸೂಚನೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ನಮ್ಮಲ್ಲಿ ಒಂದು ಸೂಚನೆ ಒಂದು ಚೆಕ್ಕಿಗೆ. ಇಲ್ಲಿ ಒಂದೇ ಮೈಕ್ರೋಆರ್‌ಎನ್‌ಎ ಬೇರೆ ಬೇರೆ ಖಾತೆಗಳ ನೂರಾರು ಚೆಕ್ಕುಗಳನ್ನು ಸ್ವಲ್ಪ ಸ್ವಲ್ಪ ತಡೆಯಬಲ್ಲದು. ಮುಂದಿನ ತೊಡಕೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದ.

ಇದನ್ನು ಮೊದಲು ಕಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ, 1993ರಲ್ಲಿ. ಕಂಡವರು ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್. ಹುಳುವಿನ ವಿಶೇಷವಿರಬೇಕೆಂದು ಹೆಚ್ಚಿನವರು ಸುಮ್ಮನಾದರು. 2000ದಲ್ಲಿ ರವ್ಕುನ್ ತಂಡ ಕಂಡುಹಿಡಿದ ಎರಡನೆಯದು ಮನುಷ್ಯರಲ್ಲೂ ಇದೆ ಎಂದು ತಿಳಿದ ಮೇಲೆ ಎಲ್ಲರೂ ಎದ್ದು ಕುಳಿತರು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮೂವತ್ತೊಂದು ವರ್ಷದ ಮೇಲೆ!

ಈಗ ಆ ಪ್ರಿಂಟಿನಲ್ಲಿದ್ದ ವಿಜ್ಞಾನಿಯ ವಿಷಯಕ್ಕೆ ಬರುತ್ತೇನೆ. ಅವರ ಹೆಸರು ಕಾರ್ಲೋಸ್ ಫೆರ್ನಾಂಡೆಜ್-ಹೆರ್ನಾಂಡೊ. ಸ್ಪೇನಿನಲ್ಲಿ ಓದಿ ಅಮೆರಿಕಕ್ಕೆ ಹೋದವರು, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿದ್ದು ಬಳಿಕ ಯೇಲಿಗೆ ಬಂದವರು. 2010ರಲ್ಲಿ ಅವರು ಮತ್ತು ಸಹೋದ್ಯೋಗಿಗಳು, ಅದೇ ಹೊತ್ತಿಗೆ ಬಾಸ್ಟನ್ನಿನ ಆಂಡರ್ಸ್ ನಾರ್ ಅವರ ತಂಡ, ಪ್ರತ್ಯೇಕವಾಗಿ ಒಂದೇ ವಿಷಯವನ್ನು ಪ್ರಕಟಿಸಿದರು. ಅದು ಮೈಆರ್-33 ಎಂಬ ಮೈಕ್ರೋಆರ್‌ಎನ್‌ಎಯ ಕಥೆ.

ಈ ಮೈಆರ್-33 ಇರುವ ಜಾಗವೇ ಸ್ವಾರಸ್ಯದ್ದು. ದೇಹದಲ್ಲಿ ಕೊಲೆಸ್ಟ್ರಾಲ್ ಮತ್ತು ಕೊಬ್ಬಿನ ತಯಾರಿಕೆಯನ್ನು ಶುರು ಮಾಡಿಸುವ ಎಸ್‌ಆರ್‌ಇಬಿಪಿ ಎಂಬ ಪ್ರೋಟೀನುಗಳಿವೆ. ಅವುಗಳ ಜೀನಿನ ಒಳಗೇ ಇದು ಅಡಗಿ ಕುಳಿತಿದೆ. ಆ ಜೀನನ್ನು ಓದಿದಾಗಲೆಲ್ಲ ಇದೂ ಜೊತೆಗೆ ಹೊರಬರುತ್ತದೆ. ಜೀನು 'ಕೊಬ್ಬು ತಯಾರಿಸಿ' ಎಂದು ಹೇಳಿದರೆ, ಒಳಗಿನ ಮೈಆರ್-33 'ಇದ್ದದ್ದನ್ನು ಹೊರಗೆ ಬಿಡಬೇಡಿ, ಸುಡಲೂ ಬೇಡಿ' ಎಂದು ಸೂಚನೆ ಕಳಿಸುತ್ತದೆ. ಕೊಲೆಸ್ಟ್ರಾಲನ್ನು ಕೋಶದಿಂದ ಹೊರಗೆ ದಾಟಿಸಿ ಎಚ್‌ಡಿಎಲ್‌ಗೆ, ಅಂದರೆ ನಾವು ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವುದಕ್ಕೆ, ಒಪ್ಪಿಸುವ ಎಬಿಸಿಎ1 ಎಂಬ ಬಾಗಿಲನ್ನು ಅದು ತಗ್ಗಿಸುತ್ತದೆ. ಕೊಬ್ಬನ್ನು ಸುಡುವ ಕಿಣ್ವಗಳನ್ನೂ ತಗ್ಗಿಸುತ್ತದೆ. ಜಮೆ ಹೆಚ್ಚಿಸುವ ಸುತ್ತೋಲೆಯೊಳಗೇ ವಿತ್‌ಡ್ರಾವಲ್ ನಿಲ್ಲಿಸುವ ಟಿಪ್ಪಣಿಯನ್ನೂ ಹೊಲಿದು ಕಳಿಸಿದ ಹಾಗೆ. ಬರಗಾಲದಲ್ಲಿ ಬದುಕುತ್ತಿದ್ದ ಪೂರ್ವಜರಿಗೆ ಇದು ಒಳ್ಳೆಯ ಏರ್ಪಾಡೇ ಆಗಿದ್ದಿರಬೇಕು.

ಇಲಿಗಳಲ್ಲಿ ಮೈಆರ್-33 ಒಂದೇ ಇದೆ. ಮನುಷ್ಯರಲ್ಲಿ ಎರಡು. ಎರಡನೆಯದು ಇರುವುದು ಇನ್ಸುಲಿನ್ ಏರಿದಾಗ ಚುರುಕಾಗುವ ಜೀನಿನ ಒಳಗೆ. ಬೆಳಿಗ್ಗೆ ಸಕ್ಕರೆ ಹಾಕಿದ ಎರಡು ಚಹಾ, ಮಧ್ಯಾಹ್ನ ಅನ್ನದ ಗುಡ್ಡೆ, ಸಂಜೆ ಫರಸಾಣ್, ಉಳಿದ ಹೊತ್ತು ಕುರ್ಚಿ ಅಥವಾ ಲೋಕಲ್ ಟ್ರೇನಿನ ಸೀಟು. ನನ್ನ ವೃತ್ತಿಜೀವನದ ದಿನಚರಿ ಇದು. ಆ ಜೀನಿಗೆ ನಾನು ರಜೆ ಕೊಟ್ಟದ್ದೇ ಇಲ್ಲ.

ಇನ್ನು ಸಂಶೋಧಕರು ಮುಂದೇನು ಮಾಡಿದರೆಂದು ಯಾರಾದರೂ ಊಹಿಸಬಹುದು. ಮೈಆರ್-33ನ್ನೇ ನಿಲ್ಲಿಸಿಬಿಟ್ಟರೆ? 2011ರಲ್ಲಿ ಆಫ್ರಿಕಾದ ಹಸಿರು ಮಂಗಗಳಿಗೆ ಅದನ್ನು ತಡೆಯುವ ಔಷಧ ಚುಚ್ಚಿದರು. ಮಂಗಗಳನ್ನು ಆರಿಸಿದ್ದೇಕೆಂದರೆ ಅವಕ್ಕೂ ನಮ್ಮಂತೆ ಎರಡು ಮೈಆರ್-33 ಇವೆ. ಒಳ್ಳೆಯ ಕೊಲೆಸ್ಟ್ರಾಲ್ ಸುಮಾರು ಅರ್ಧದಷ್ಟು ಏರಿತು. ರಕ್ತದಲ್ಲಿ ಕೊಬ್ಬು ಹೊತ್ತು ತಿರುಗುವ ವಿಎಲ್‌ಡಿಎಲ್ ಕಣಗಳ ಟ್ರೈಗ್ಲಿಸರೈಡ್ ಇಳಿಯಿತು. ರಕ್ತದ ರಿಪೋರ್ಟು ನೋಡಿದ ಯಾರಿಗೇ ಆದರೂ ಸಂತೋಷವಾಗುವ ಅಂಕಿಗಳು.

ಇಲ್ಲಿಗೆ ನಿಂತಿದ್ದರೆ ಆ ಹುಡುಗನಿಗೆ ನಾನು ಬೇರೆ ಉತ್ತರ ಬರೆಯುತ್ತಿದ್ದೆ.

2013ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು ಹುಟ್ಟಿನಿಂದಲೇ ಮೈಆರ್-33 ಇಲ್ಲದ ಇಲಿಗಳನ್ನು ನೋಡಿದರು. ಕೊಬ್ಬಿನ ಆಹಾರ ಕೊಟ್ಟಾಗ ಅವು ದಪ್ಪಗಾದವು, ಲಿವರಿನಲ್ಲಿ ಕೊಬ್ಬು ತುಂಬಿತು. ಮರುವರ್ಷ, 2014ರಲ್ಲಿ, ಫೆರ್ನಾಂಡೆಜ್-ಹೆರ್ನಾಂಡೊ ಅವರ ಪ್ರಯೋಗಾಲಯದವರೇ ಇನ್ನೊಂದು ಫಲಿತಾಂಶ ಪ್ರಕಟಿಸಿದರು. ಔಷಧ ಕೊಟ್ಟು ದೀರ್ಘಕಾಲ ಮೈಆರ್-33ನ್ನು ತಡೆದ ಇಲಿಗಳ ರಕ್ತದಲ್ಲಿ ಟ್ರೈಗ್ಲಿಸರೈಡ್ ಏರಿತ್ತು, ಲಿವರಿನಲ್ಲಿ ಕೊಬ್ಬು ಹೆಚ್ಚಿತ್ತು. ನಾಲ್ಕು ವರ್ಷದ ಹಿಂದೆ ತಾವೇ ತೋರಿಸಿಕೊಟ್ಟ ಭರವಸೆಯ ಮೇಲೆ ತಾವೇ ಆಡಿಟ್ ಆಕ್ಷೇಪಣೆ ಹಾಕಿದಂತೆ. ಇಂಥದ್ದನ್ನು ಮುಚ್ಚಿಡದೆ ಅಚ್ಚು ಹಾಕಿಸಿದ್ದಾರಲ್ಲ, ಅಲ್ಲಿಂದ ಆ ತಂಡದ ಮೇಲೆ ನನಗೆ ಗೌರವ ಹೆಚ್ಚಿತು. 2018ರಲ್ಲಿ ಅವರೇ ಇನ್ನೊಂದು ಕಾರಣವನ್ನೂ ಕಂಡರು. ಇಡೀ ದೇಹದಿಂದ ಮೈಆರ್-33 ತೆಗೆದರೆ ಇಲಿಗಳು ಹೆಚ್ಚು ತಿನ್ನುತ್ತವೆ, ಬೊಜ್ಜು ಬೆಳೆಯುತ್ತದೆ, ಇನ್ಸುಲಿನ್ ಕೆಲಸ ಮಾಡುವುದು ಕುಗ್ಗುತ್ತದೆ. ನೂರಾರು ಖಾತೆಗಳ ಸ್ಟಾಪ್ ಪೇಮೆಂಟನ್ನು ಒಟ್ಟಿಗೆ ರದ್ದು ಮಾಡಿದರೆ ಯಾವ ಬ್ರಾಂಚಿನಲ್ಲಿ ಯಾವ ಚೆಕ್ಕು ಪಾಸಾಗುತ್ತದೆಂದು ಹೇಳುವವರಾರು?

ಇಂಥದ್ದೇ ಇನ್ನೊಂದು ಉದಾಹರಣೆಯಿದೆ. ನನಗೆ ವಿಷಯ ಮನದಟ್ಟಾದದ್ದು ಅದರಿಂದ. ಲಿವರ್ ಕೋಶದ ಮೈಕ್ರೋಆರ್‌ಎನ್‌ಎಗಳಲ್ಲಿ ಶೇಕಡಾ 70ರಷ್ಟು ಒಂದೇ ಬಗೆಯದು, ಮೈಆರ್-122. 2005ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಇಲಿಗಳಲ್ಲಿ ಅದನ್ನು ತಡೆದಾಗ ರಕ್ತದ ಕೊಲೆಸ್ಟ್ರಾಲ್ ಇಳಿಯಿತು. ಎಲ್ಲರಿಗೂ ಖುಷಿ. 2012ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕಲ್ಪನಾ ಘೋಷಾಲ್ ಅವರ ತಂಡವೂ ತೈವಾನಿನ ಒಂದು ತಂಡವೂ ಮೈಆರ್-122 ಪೂರ್ತಿ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದವು. ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆಯೇ ಇತ್ತು. ಆದರೆ ಲಿವರಿನಲ್ಲಿ ಕೊಬ್ಬು, ಆಮೇಲೆ ಉರಿಯೂತ, ನಾರುಗಟ್ಟುವುದು, ವಯಸ್ಸಾದಂತೆ ಕ್ಯಾನ್ಸರ್.

ರಕ್ತ ಚೆನ್ನಾಗಿದೆ, ಲಿವರ್ ಹಾಳಾಗಿದೆ. ಹೇಗೆ? ಕೊಬ್ಬನ್ನು ವಿಎಲ್‌ಡಿಎಲ್ ಕಣಗಳಿಗೆ ಹೇರಿ ಲಿವರಿನಿಂದ ಹೊರಗೆ ಕಳಿಸುವ ಎಂಟಿಟಿಪಿ ಎಂಬ ಪ್ರೋಟೀನ್ ಈ ಇಲಿಗಳಲ್ಲಿ ಕಡಿಮೆಯಾಗಿತ್ತು. ತೈವಾನಿನವರು ಅದೊಂದನ್ನು ಮತ್ತೆ ಒದಗಿಸಿದಾಗ ಲಿವರಿನ ಕೊಬ್ಬು ಇಳಿಯಿತು.

ಇದನ್ನು ಓದಿದಾಗ ನನ್ನ ಮೊದಲ ಪೋಸ್ಟಿಂಗ್ ನೆನಪಾಯಿತು. ಮಲೆನಾಡಿನ ಒಂದು ಬ್ರಾಂಚ್. ಅಡಿಕೆ ವ್ಯಾಪಾರಿಗಳು ಮೂಟೆಗಳನ್ನು ಗೋದಾಮಿನಲ್ಲಿಟ್ಟು ಸಾಲ ತೆಗೆಯುತ್ತಿದ್ದರು. ಬೀಗ ಬ್ಯಾಂಕಿನದು. ಒಬ್ಬ ವ್ಯಾಪಾರಿಯ ಅಂಗಡಿಗೆ ಹೋದರೆ ಒಪ್ಪ ಓರಣ, ಮುಂದೆ ನಾಲ್ಕೇ ಮೂಟೆ. ಸರಕು ಚೆನ್ನಾಗಿ ಹೋಗುತ್ತಿದೆ ಎಂದುಕೊಂಡು ನಾನು ರಿಪೋರ್ಟು ಬರೆಯಲು ಹೊರಟೆ. ಹಿರಿಯ ಅಧಿಕಾರಿ, "ಗೋದಾಮು ತೆಗೆಸಿದಿರಾ?" ಎಂದರು. ತೆಗೆಸಿದರೆ ಮಾಡಿನವರೆಗೆ ಹಳೆಯ ಸರಕು, ಅಡಿಯ ಮೂಟೆಗಳಿಗೆ ಬೂಷ್ಟು. ಲಾರಿಯವನ ಜೊತೆ ಜಗಳವಾಗಿ ತಿಂಗಳುಗಟ್ಟಲೆ ಸರಕು ಸಾಗಿಯೇ ಇರಲಿಲ್ಲ. ರಕ್ತವೆಂದರೆ ಅಂಗಡಿಯ ಮುಂಭಾಗ, ಲಿವರ್ ಗೋದಾಮು, ಎಂಟಿಟಿಪಿ ಲಾರಿಗೆ ಹೇರುವ ಹಮಾಲ.

ಮನುಷ್ಯರಲ್ಲೂ ಪ್ರಯತ್ನ ನಡೆದಿದೆ. ಹೆಪಟೈಟಿಸ್ ಸಿ ವೈರಸ್ಸು ಬೆಳೆಯಲು ಮೈಆರ್-122 ಬೇಕು ಎಂದು 2005ರಲ್ಲೇ ಗೊತ್ತಾಗಿತ್ತು. ಅದನ್ನು ತಡೆಯುವ ಮಿರಾವಿರ್ಸೆನ್ ಎಂಬ ಔಷಧವನ್ನು ಕೆಲವೇ ರೋಗಿಗಳ ಮೇಲೆ ಪರೀಕ್ಷಿಸಿದಾಗ ವೈರಸ್ಸು ಇಳಿಯಿತು, 2013ರಲ್ಲಿ ಅದು ಪ್ರಕಟವಾಯಿತು. ಇನ್ನೊಂದು ಕಂಪನಿಯ ಇದೇ ಬಗೆಯ ಔಷಧದಲ್ಲಿ ಕಾಮಾಲೆಯ ಪ್ರಕರಣಗಳು ಕಂಡು 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ತಡೆ ಹಾಕಿದರು. ಅಷ್ಟು ಹೊತ್ತಿಗೆ ಹೆಪಟೈಟಿಸ್ ಸಿಗೆ ಒಳ್ಳೆಯ ಮಾತ್ರೆಗಳೇ ಬಂದುಬಿಟ್ಟಿದ್ದವು.

ಹಾಗಾದರೆ ಆ ಹುಡುಗನ ಪ್ರಿಂಟಿನಲ್ಲಿದ್ದದ್ದು ಸುಳ್ಳೇ? ಅಲ್ಲ. ಇಡೀ ದೇಹದಿಂದ ತೆಗೆದರೆ ಕೇಡು ಎಂದು ಕಂಡ ಮೇಲೆ ಫೆರ್ನಾಂಡೆಜ್-ಹೆರ್ನಾಂಡೊ ತಂಡ ಪ್ರಶ್ನೆಯನ್ನೇ ಬದಲಿಸಿತು. ಲಿವರ್ ಕೋಶಗಳಿಂದ ಮಾತ್ರ ತೆಗೆದರೆ? 2021ರಲ್ಲಿ ಅದರ ಫಲ ಬಂತು. ಇಲಿಗಳ ತೂಕ ಏರಲಿಲ್ಲ, ಲಿವರಿನ ಸ್ಥಿತಿ ಸುಧಾರಿಸಿತು. 2024ರಲ್ಲಿ, ಕೊಬ್ಬಿನ ಲಿವರಿನಿಂದ ಕ್ಯಾನ್ಸರಿನವರೆಗೆ ಸಾಗುವ ಆಹಾರ ಕೊಟ್ಟ ಇಲಿಗಳಲ್ಲಿಯೂ ಹೀಗೆ ಮಾಡಿ ನೋಡಿದರು. ಲಿವರಿನಲ್ಲಿ ಕೊಬ್ಬಿನ ತಯಾರಿಕೆ ತಗ್ಗಿತು, ಸುಡುವಿಕೆ ಹೆಚ್ಚಿತು, ನಾರುಗಟ್ಟುವುದೂ ಗಡ್ಡೆಗಳೂ ಕಡಿಮೆಯಾದವು. ಹುಡುಗನಿಗೆ ಬಂದ ಸುದ್ದಿ ಇದೇ. ಅದೇ ಅಣು, ಅದೇ ತಂಡ. ಬದಲಾದದ್ದು ಯಾವ ಬ್ರಾಂಚಿನಲ್ಲಿ ಸೂಚನೆ ರದ್ದಾಗಬೇಕು ಎಂಬ ನಿಖರತೆ. ಆದರೆ ಇಲ್ಲಿ ಕೊಟ್ಟದ್ದು ಔಷಧವಲ್ಲ. ಇಲಿಗಳ ವಂಶವಾಹಿಯನ್ನೇ ತಿದ್ದಿ, ಲಿವರಿನಲ್ಲಿ ಮೈಆರ್-33 ಇಲ್ಲದಂತೆ ಬೆಳೆಸಿದ್ದು. ಸಿರೋಸಿಸ್ ಆಗಿಹೋದ ಮನುಷ್ಯನಿಗೆ ಅದನ್ನು ಮಾಡುವ ದಾರಿ ಇವತ್ತಿಗಿಲ್ಲ. 'ಆರ್‌ಎನ್‌ಎ ಚಿಕಿತ್ಸೆಯಿಂದ ಲಿವರ್ ಹೊಸದಾಗುತ್ತದೆ' ಎಂದು ಯಾರಾದರೂ ಹಣ ಕೇಳಿದರೆ ದಯವಿಟ್ಟು ಕೊಡುವ ಮುನ್ನ ನಮ್ಮನ್ನೊಮ್ಮೆ ಕೇಳಿ.

ನಿಖರವಾಗಿ ಲಿವರಿಗೆ ಮಾತ್ರ ಕಳಿಸುವ ವಿದ್ಯೆ ಇಲ್ಲವೆಂದಲ್ಲ. ಗ್ಯಾಲ್‌ನ್ಯಾಕ್ ಎಂಬ ಸಕ್ಕರೆಯ ತುಣುಕನ್ನು ಆರ್‌ಎನ್‌ಎ ಔಷಧಕ್ಕೆ ಅಂಟಿಸಿದರೆ ಲಿವರ್ ಕೋಶ ಅದನ್ನು ಗುರುತಿಸಿ ಒಳಗೆಳೆದುಕೊಳ್ಳುತ್ತದೆ, ಲಕೋಟೆಯ ಮೇಲೆ ಪಿನ್ ಕೋಡ್ ಬರೆದ ಹಾಗೆ. ಕೊಲೆಸ್ಟ್ರಾಲಿಗೆ ವರ್ಷಕ್ಕೆರಡು ಬಾರಿ ಚುಚ್ಚುವ ಇನ್‌ಕ್ಲಿಸಿರಾನ್ ಹಾಗೆಯೇ ಕೆಲಸ ಮಾಡುತ್ತದೆ. 2016ರಲ್ಲಿ ತಡೆಹಿಡಿದ ಆ ಔಷಧಕ್ಕೂ ಇದೇ ಬಗೆಯ ವಿಳಾಸವಿತ್ತು ಎಂಬುದನ್ನೂ ಮರೆಯಬಾರದು. ವಿಳಾಸ ಸರಿಯಿದ್ದರೆ ಸಾಲದು, ಕಾಗದದಲ್ಲಿ ಬರೆದದ್ದೂ ಸರಿಯಿರಬೇಕು.

ಈಗ ಸಿಗುವ ಔಷಧಗಳೂ ಇವೆ. ಸಿರೋಸಿಸ್ ಆಗದ ಕೊಬ್ಬಿನ ಲಿವರ್ ಉರಿಯೂತಕ್ಕೆ ಸಾರೋಗ್ಲಿಟಾಜಾರ್ ಎಂಬುದಕ್ಕೆ 2020ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ರೆಸ್ಮೆಟಿರಾಮ್ ಎಂಬುದಕ್ಕೆ 2024ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಸಿಕ್ಕಿತು. ಯಾರಿಗೆ ಯಾವುದು ಎಂಬುದು ವೈದ್ಯರ ಮಾತು.

ನನ್ನದೊಂದು ಕಥೆಯನ್ನು ಹೇಳದೆ ಮುಂದೆ ಹೋದರೆ ತಪ್ಪಾದೀತು. ಹತ್ತು ವರ್ಷದಿಂದ ಕೊಲೆಸ್ಟ್ರಾಲಿನ ಮಾತ್ರೆ ನುಂಗಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಅಂಕಿ ಮಿತಿಯಲ್ಲಿದೆಯೆಂದು ಬೀಗುತ್ತಿದ್ದವನು ನಾನು. ಅದೇ ರಿಪೋರ್ಟಿನ ಕೆಳಗೆ ಎಸ್‌ಜಿಪಿಟಿ ಸಾಲು ದಪ್ಪಕ್ಷರದಲ್ಲಿರುತ್ತಿತ್ತು. ನಾನು ನೋಡುತ್ತಿದ್ದದ್ದು ಕೊಲೆಸ್ಟ್ರಾಲಿನ ಸಾಲು ಮಾತ್ರ. ಎರಡು ವರ್ಷದ ಹಿಂದೆ ಮೂತ್ರಕೋಶದ ಕಲ್ಲಿನ ಅನುಮಾನದಿಂದ ಸೋನೋಗ್ರಫಿ ಮಾಡಿಸಿದೆ. ಕಲ್ಲು ಇರಲಿಲ್ಲ. 'ಫ್ಯಾಟಿ ಲಿವರ್, ಗ್ರೇಡ್ 2' ಇತ್ತು. ಗೋದಾಮು ತೆಗೆಸಿದಿರಾ ಎಂದ ಆ ಹಿರಿಯರ ದನಿ ಕೇಳಿದ ಹಾಗಾಯಿತು.

ವೈದ್ಯರು ಆಗ ಒಂದು ಲೆಕ್ಕ ಹೇಳಿಕೊಟ್ಟರು. ಹೆಸರು ಫಿಬ್-4. ಹೊಸ ಪರೀಕ್ಷೆ ಬೇಡ, ಸಾಮಾನ್ಯ ರಕ್ತ ಪರೀಕ್ಷೆಯ ಅಂಕಿಗಳೇ ಸಾಕು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಅದನ್ನು, ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ ಬಂದ ಮೊತ್ತದಿಂದ ಭಾಗಿಸಬೇಕು. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ಹಿಡಿಯಬೇಕು, ಎರಡು ಲಕ್ಷ ಹತ್ತು ಸಾವಿರವಿದ್ದರೆ 210. ನನ್ನ ವಯಸ್ಸು ಆಗ 64, ಎಸ್‌ಜಿಒಟಿ 44, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 210. ಮೇಲೆ 2816, ಕೆಳಗೆ 210 ಗುಣಿಸು 7, ಅಂದರೆ 1470. ಉತ್ತರ 1.92. ಸಾಧಾರಣವಾಗಿ 1.3ಕ್ಕಿಂತ ಕಡಿಮೆಯಿದ್ದರೆ ಹೆಚ್ಚು ನಾರುಗಟ್ಟಿರುವ ಸಂಭವ ಕಡಿಮೆ, 65 ದಾಟಿದವರಿಗೆ ಈ ಗಡಿ 2. ಉತ್ತರ 2.67ನ್ನು ಮೀರಿದರೆ ತಜ್ಞರನ್ನು ಕಾಣಲೇಬೇಕು. ನಡುವೆ ಇದ್ದವರಿಗೆ ಫೈಬ್ರೋಸ್ಕ್ಯಾನ್. ಮೂವತ್ತೈದರ ಒಳಗಿನವರಿಗೆ ಈ ಲೆಕ್ಕ ಅಷ್ಟಾಗಿ ಹೊಂದುವುದಿಲ್ಲ. ನನ್ನ ಫೈಬ್ರೋಸ್ಕ್ಯಾನಿನಲ್ಲಿ ನಾರುಗಟ್ಟುವುದು ಆರಂಭದ ಹಂತದಲ್ಲಿತ್ತು. ತೂಕದಲ್ಲಿ ಶೇಕಡಾ 5 ಇಳಿಸಿದರೆ ಲಿವರಿನ ಕೊಬ್ಬು ಕರಗತೊಡಗುತ್ತದೆ, 7ರಿಂದ 10 ಇಳಿಸಿದರೆ ಉರಿಯೂತವೂ ತಗ್ಗುತ್ತದೆ ಎಂದರು. 78 ಕಿಲೋ ಇದ್ದವನಿಗೆ ಶೇಕಡಾ 7 ಎಂದರೆ ಐದೂವರೆ ಕಿಲೋ. ಇಳಿಸಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಮನೆಯವಳು ಫರಸಾಣಿನ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟಳೆಂದು ಇವತ್ತಿಗೂ ಹೇಳಿಲ್ಲ.

ಈ ಕಾರಣಕ್ಕೇ ಈ ಬಾರಿ ನೆರವು ನಿಧಿಯಿಂದ ದೊಡ್ಡ ಆಸ್ಪತ್ರೆ ಖರ್ಚಿನ ಜೊತೆಗೆ ಫೈಬ್ರೋಸ್ಕ್ಯಾನಿಗೂ ಸ್ವಲ್ಪ ಹಣ ಬೇರೆಯಾಗಿ ಇಡಬೇಕೆಂದು ಸಮಿತಿ ತೀರ್ಮಾನಿಸಿದೆ. ಕಾಯಿಲೆಯೇ ಇಲ್ಲದವರಿಗೆ ಸ್ಕ್ಯಾನೇಕೆ ಎಂದು ಕೆಲವು ದಾನಿಗಳು ಕೇಳಿದ್ದು ನ್ಯಾಯವೇ. ಆದರೆ ಸಮಿತಿಯ ಮೇಜಿನ ಮೇಲೆ ಬರುವ ಲಿವರ್ ಫೈಲುಗಳು ಬಹುಮಟ್ಟಿಗೆ ಗೋದಾಮು ಕುಸಿದ ಮೇಲೆ ಬರುತ್ತಿವೆ. ಆಗ ನಾವು ಕೊಡಬಲ್ಲದ್ದು ಖರ್ಚಿನ ಒಂದು ಮೂಲೆಗೂ ಸಾಲದು. ಮಧುಮೇಹವಿರುವ, ಹೊಟ್ಟೆಯ ಸುತ್ತಳತೆ ಹೆಚ್ಚಿರುವ, ಎಸ್‌ಜಿಪಿಟಿ ಮಿತಿ ಮೀರಿರುವ ಸದಸ್ಯರು ತಮ್ಮ ಇತ್ತೀಚಿನ ರಕ್ತದ ರಿಪೋರ್ಟಿನ ಪ್ರತಿಯನ್ನು ಸಂಘದ ಕಚೇರಿಗೆ ತಲುಪಿಸಿದರೆ ಫಿಬ್-4 ಲೆಕ್ಕ ಹಾಕಿ ಕೊಡುತ್ತೇನೆ. ಅದನ್ನು ತಮ್ಮ ವೈದ್ಯರಿಗೆ ತೋರಿಸಬಹುದು. ಅಂಕಿಗಳಲ್ಲಿ ತಪ್ಪು ಮಾಡುವ ವಯಸ್ಸು ನನಗಿನ್ನೂ ಬಂದಿಲ್ಲವೆಂದು ನಂಬಿದ್ದೇನೆ.

ಆ ಹುಡುಗನಿಗೆ ನಾನು ಇಷ್ಟನ್ನೂ ಬರೆದು, ಯೇಲಿನ ಸಂಶೋಧನೆ ನಿಜ, ಆದರೆ ಅದು ನಿನ್ನ ತಂದೆಯ ಹೊತ್ತಿಗೆ ಮುಟ್ಟುವುದಿಲ್ಲ ಎಂದು ಕೊನೆಗೆ ಹೇಳಬೇಕಾಯಿತು. ಸಮಿತಿ ಅವರ ಎಂಡೋಸ್ಕೋಪಿಗೂ ಕಸಿಯ ಪೂರ್ವಭಾವಿ ಪರೀಕ್ಷೆಗಳಿಗೂ ನೆರವು ನೀಡಿತು. ಲಿವರ್ ತನ್ನನ್ನು ತಾನು ಬೆಳೆಸಿಕೊಳ್ಳುವ ಅಂಗವಾದ್ದರಿಂದ ಬದುಕಿರುವ ಹತ್ತಿರದ ಬಂಧು ಒಂದು ಭಾಗ ಕೊಡಬಹುದು. ಮಗ ತಾನೇ ಮುಂದೆ ಬಂದ. ರಕ್ತದ ಗುಂಪು ಹೊಂದಿತು. ಕೊಲೆಸ್ಟ್ರಾಲ್ ಎಲ್ಲ ಸರಿಯಿತ್ತು. ಸ್ಕ್ಯಾನ್ ಮಾಡಿದರೆ, ಇಪ್ಪತ್ತೊಂದರ ಹುಡುಗನ ಲಿವರಿನಲ್ಲೂ ಕಸಿಗೆ ಒಪ್ಪುವುದಕ್ಕಿಂತ ಹೆಚ್ಚು ಕೊಬ್ಬು.

ತೂಕ ಇಳಿಸಿ ಬಂದರೆ ಮತ್ತೆ ನೋಡೋಣ ಎಂದರಂತೆ ವೈದ್ಯರು. ಈಗ ಅವನು ಬೆಳಿಗ್ಗೆ ಕಾಲೇಜಿಗೆ ಎರಡು ಸ್ಟೇಷನ್ ದೂರ ನಡೆದೇ ಹೋಗುತ್ತಾನೆ, ತಂದೆಯ ಕ್ಯಾಂಟೀನಿನ ವಡೆ ಮುಟ್ಟುವುದಿಲ್ಲ. ಕಳೆದ ವಾರ ಫೋನ್ ಮಾಡಿದ್ದ. "ನಾಲ್ಕು ಕಿಲೋ ಇಳಿದಿದೆ ಸರ್, ಇನ್ನೂ ಮೂರು ಬೇಕು." ಎರಡನೆಯ ಸ್ಕ್ಯಾನ್ ಬರುವ ತಿಂಗಳು. ಅದರ ಖರ್ಚು ನಿಧಿಯಿಂದ.